ಅಡ್ಡಗೋಡೆಯ ಆಚೆ ಮುಖ, ಈಚೆ ಕಾಲು

ಭಾವ: ಗೋಡೆ ಒಡೆಯೋಕೆ ನಾನು ಬಿಡಲ್ಲ. ಅವನಿಗೂ ಹೇಳಿಬಿಡಿ, ಅವನೂ ಬಿಡಕೂಡದು ಅಂತ.

ಭಾಮೈದ: ಅವರು ಹೇಳಿದ್ರು ಅಂತ ನಾನೇನೂ ಬಿಡದೇ ಇರಲ್ಲ. ನನ್ನ ಸ್ವಂತ ಬುದ್ಧಿಯಿಂದಲೇ ಬಿಡಲ್ಲ. ಅದನ್ನ ಅವರಿಗೆ ತಿಳಿಸಿ.

ವಿನ್ಯಾಸಕಿ: ಸಾರ್, ಇಬ್ಬರೂ ಒಂದೇ ಮಾತು ಹೇಳ್ತಾ ಇದೀರ!

ಇಬ್ಬರೂ: ಛೆ ಛೆ, ಸಾಧ್ಯವೇ ಇಲ್ಲ!

ವಿನ್ಯಾಸಕಿ ನಿಂತಿದ್ದದ್ದು ಹಜಾರದಲ್ಲಿ, ಎರಡು ಬಾಗಿಲುಗಳ ನಡುವೆ. ಎಡಗಡೆಯ ಬಾಗಿಲಲ್ಲಿ ಭಾವ, ಬಲಗಡೆಯ ಬಾಗಿಲಲ್ಲಿ ಭಾಮೈದ. ಇಬ್ಬರ ನಡುವೆ ಇದ್ದದ್ದು ನಾಲ್ಕೇ ಅಡಿ. ಆದರೂ ಒಬ್ಬರ ಮಾತು ಇನ್ನೊಬ್ಬರನ್ನು ಮುಟ್ಟಬೇಕಾದರೆ ಮೂರನೆಯವರ ಮೂಲಕವೇ ಹೋಗಬೇಕಿತ್ತು. ಇವತ್ತು ಆ ಮೂರನೆಯವರಾಗುವ ಯೋಗ ಆಕೆಯದು.

ಇಬ್ಬರನ್ನೂ ಆ ವೃದ್ಧಾಶ್ರಮದಲ್ಲಿ ಅಡಿಗೆಯವರಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ಕರೆಯುತ್ತಿದ್ದದ್ದು ಭಾವ, ಭಾಮೈದ ಅಂತಲೇ. ಭಾವನಿಗೆ ಎಂಬತ್ತೊಂದು, ನಿವೃತ್ತ ಸರ್ವೇಯರ್, ಜೇಬಿನಲ್ಲಿ ಈಗಲೂ ಅಳತೆಯ ಟೇಪು. ಭಾಮೈದನಿಗೆ ಎಪ್ಪತ್ತೇಳು, ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು, ಜೇಬಿನಲ್ಲಿ ಈಗಲೂ ಕೆಂಪು ಪೆನ್ನು. ಭಾವನ ಹೆಂಡತಿ, ಅಂದರೆ ಭಾಮೈದನ ಅಕ್ಕ, ಮಹಡಿಯ ಮೇಲಿನ ಕೊನೆಯ ಕೋಣೆಯಲ್ಲಿದ್ದರು. ಒಂಬತ್ತು ವರ್ಷದ ಹಿಂದೆ ಮೂವರೂ ಒಂದೇ ದಿನ ಬಂದು ಸೇರಿದಾಗ ಕೆಳಗೆ ಎರಡು, ಮೇಲೆ ಒಂದು ಕೋಣೆ ಮಾತ್ರ ಖಾಲಿ ಇತ್ತು. ‘ಸದ್ಯಕ್ಕೆ ಹೀಗಿರಲಿ’ ಎಂದಿದ್ದರು ಆಫೀಸಿನವರು. ಆ ‘ಸದ್ಯ’ ಇನ್ನೂ ಮುಗಿದಿರಲಿಲ್ಲ.

ಅದನ್ನು ಮುಗಿಸಬೇಕೆಂದೇ ವಿನ್ಯಾಸಕಿ ಬಂದಿದ್ದಳು. ನೂರ ಹತ್ತು ವರ್ಷದ ಬಂಗಲೆ ಅದು. ಒಳಗನ್ನೆಲ್ಲ ವಯಸ್ಸಾದವರಿಗೆ ಒಗ್ಗುವ ಹಾಗೆ ಹೊಸದಾಗಿ ಮಾಡಿಕೊಡಬೇಕು, ಆದರೆ ಹಳೆಯ ಅಂದ ಕೆಡಬಾರದು ಎಂದು ಟ್ರಸ್ಟಿನವರು ಒಪ್ಪಿಸಿದ್ದರು. ಒಂದು ದೊಡ್ಡ ಹಾಲಿನ ನಡುವೆ ಯಾರೋ ಪುಣ್ಯಾತ್ಮರು ಅಡ್ಡಗೋಡೆ ಎಬ್ಬಿಸಿ ಎರಡು ಕೋಣೆ ಮಾಡಿದ್ದು ಆಕೆಯ ಕಣ್ಣಿಗೆ ಮೊದಲ ದಿನವೇ ಬಿತ್ತು. ಗೋಡೆ ತೆಗೆದರೆ ಹಾಲು ಮತ್ತೆ ಹಾಲಾಗುತ್ತದೆ, ಗಂಡ ಹೆಂಡತಿ ಅಲ್ಲಿ ಒಟ್ಟಿಗೆ ಇರುತ್ತಾರೆ, ಭಾಮೈದ ಮೇಲಿನ ಕೋಣೆಗೆ ಹೋಗುತ್ತಾರೆ. ಕಾಗದದ ಮೇಲೆ ಎಷ್ಟು ಚೆನ್ನಾಗಿತ್ತು! ಆದರೆ ಆಯಾ ಕೋಣೆಯವರ ಸಹಿ ಇಲ್ಲದೆ ಒಂದು ಇಟ್ಟಿಗೆಯನ್ನೂ ಅಲುಗಾಡಿಸುವ ಹಾಗಿರಲಿಲ್ಲ.

ಆಕೆ ಹೋಟೆಲು ಮಾಡಿಕೊಟ್ಟಿದ್ದಳು, ಹಲ್ಲಿನ ಆಸ್ಪತ್ರೆ ಮಾಡಿಕೊಟ್ಟಿದ್ದಳು, ಒಮ್ಮೆ ಒಂದು ಜೈಲಿನ ಊಟದ ಮನೆಯನ್ನೂ ಮಾಡಿಕೊಟ್ಟಿದ್ದಳು. ಜೈಲಿನವರು ಗೋಡೆ ಬೇಡ ಎಂದು ಗೋಗರೆದಿದ್ದರೇ ಹೊರತು ಬೇಕು ಎಂದು ಹಟ ಹಿಡಿದಿರಲಿಲ್ಲ.

ವಿನ್ಯಾಸಕಿ: ಬೇಡ ಅನ್ನೋಕೆ ಒಂದು ಕಾರಣ ಆದ್ರೂ ಹೇಳಿ ಸಾರ್.

ಭಾವ: ಕಾರಣ ಬೇಕಾ? ಒಳಗೆ ಬನ್ನಿ. ಮಂಚದ ಮೇಲೆ ಮಲಗಿ.

ವಿನ್ಯಾಸಕಿ: ಮಲಗೋದಾ?

ಭಾವ: ನಿಂತು ನೋಡಿದ್ರೆ ಕುತ್ತಿಗೆ ಹಿಡ್ಕೊಳ್ಳುತ್ತೆ. ಹೋದ ವರ್ಷ ಡಾಕ್ಟರು ನಿಂತು ನೋಡಿ ಎರಡು ದಿನ ಪಟ್ಟಿ ಕಟ್ಕೊಂಡು ಓಡಾಡಿದ್ರು. ಮಲಗಿ. ಹಾಂ. ಈಗ ಮೇಲೆ ಏನು ಕಾಣ್ಸುತ್ತೆ?

ವಿನ್ಯಾಸಕಿ: ಕಾಲು.

ಭಾವ: ಪಾದ ಅನ್ನಿ. ಸ್ವಲ್ಪ ಮರ್ಯಾದೆ ಕೊಡಿ.

ಸೂರಿನ ಒಳಮೈಯಲ್ಲಿ ಗಾರೆಯಿಂದ ಉಬ್ಬಾಗಿ ಮಾಡಿದ ಎರಡು ಪಾದಗಳಿದ್ದವು. ನುಣುಪಾಗಿದ್ದವು, ಬೆರಳುಗಳಂತೂ ಎಣ್ಣೆ ಹಚ್ಚಿ ತೀಡಿದ ಹಾಗೆ. ಕಣಕಾಲಿಗೆ ಒಂದು ಬಳ್ಳಿ ಸುತ್ತಿಕೊಂಡಿತ್ತು. ಅದಕ್ಕಿಂತ ಮೇಲಕ್ಕೆ ಏನೂ ಕಾಣದು. ಅಡ್ಡಗೋಡೆಗೆ ಒತ್ತಿಕೊಂಡು ಸೂರಿಗೇ ತಾಗುವ ಹಾಗೆ ಹಲಗೆ ಹೊಡೆದು ಮಾಡಿದ ಅಟ್ಟವೊಂದು ಉಳಿದದ್ದನ್ನೆಲ್ಲ ನುಂಗಿ ಕೂತಿತ್ತು.

ಭಾವ: ಎಡಪಾದ ಹನ್ನೊಂದು ಅಂಗುಲ. ಬಲಪಾದ ಹನ್ನೊಂದೂಕಾಲು. ಏಣಿ ಹಾಕಿ ಖುದ್ದು ಅಳೆದಿದೀನಿ.

ವಿನ್ಯಾಸಕಿ: ಹೆಂಗಸಿನ ಪಾದ ಅಷ್ಟು ಉದ್ದ ಇರುತ್ತಾ ಸಾರ್?

ಭಾವ: ಎತ್ತರದ ಹೆಂಗಸು. ನೋಡಿದ್ರೆ ಗೊತ್ತಾಗಲ್ವಾ? ನಿಂತಿರೋ ಗತ್ತು ನೋಡಿ.

ವಿನ್ಯಾಸಕಿ: ಮಲಗಿದಾಳಲ್ಲ ಸಾರ್?

ಭಾವ: ಮಲಗಿದಾಗಲೇ ಈ ಗತ್ತು. ನಿಂತ್ರೆ ಹೇಗಿರ್ಬೇಡ!

ಭಾಮೈದ (ಹಜಾರದಿಂದ): ಕಾಲು ನೋಡಿ ಆಯ್ತಾದ್ರೆ ಇತ್ಲಾಗೂ ಬನ್ನಿ. ಇಲ್ಲಿ ನೋಡೋಕೆ ನಿಜವಾಗಿಯೂ ಏನೋ ಇದೆ.

ವಿನ್ಯಾಸಕಿ ಎದ್ದು ಪಕ್ಕದ ಕೋಣೆಗೆ ಹೋಗಿ, ಯಾರೂ ಹೇಳದೆಯೇ ಮಂಚದ ಮೇಲೆ ಮಲಗಿದಳು. ಇತ್ತ ಸೂರಿನಲ್ಲಿ ಒಂದು ಹೆಣ್ಣಿನ ಮುಖ ಇತ್ತು. ದುಂಡು ಗಲ್ಲ, ಬಿಚ್ಚುಗೂದಲು, ಏನೋ ಗುಟ್ಟು ಗೊತ್ತಿರುವವಳ ಹಾಗೆ ತುಟಿಯಂಚಿನ ನಗು. ಕತ್ತು, ಹೆಗಲು, ಅಷ್ಟೇ. ಉಳಿದದ್ದು ಈ ಕಡೆಯ ಅಟ್ಟದ ಹೊಟ್ಟೆಯಲ್ಲಿ.

ಭಾಮೈದ: ದಿನಾ ಬೆಳಿಗ್ಗೆ ಎದ್ದ ಕೂಡ್ಲೆ ನಮಸ್ಕಾರ ಹೇಳ್ತೀನಿ. ಅವಳು ನಗ್ತಾಳೆ.

ವಿನ್ಯಾಸಕಿ: ಅವಳು ಯಾವಾಗ್ಲೂ ನಗ್ತಾನೇ ಇದಾಳಲ್ಲ ಸಾರ್.

ಭಾಮೈದ: ಅದೇ ಅವಳಲ್ಲಿರೋ ದೊಡ್ಡ ಗುಣ. ಒಂಬತ್ತು ವರ್ಷದಲ್ಲಿ ಒಂದು ದಿನ ಮುಖ ಗಂಟು ಹಾಕಿಲ್ಲ. ನಮ್ಮ ಮನೆತನದಲ್ಲಿ ಅಂಥೋರು ಒಬ್ರೂ ಇಲ್ಲ.

ಭಾವ (ಆ ಕಡೆಯಿಂದ): ಅವನು ಆ ರೂಮು ಹೇಗೆ ಹೊಡ್ಕೊಂಡ ಅಂತ ಕೇಳಿ! ಅರ್ಧ ಗಂಟೆ ಮುಂಚೆ ಬಂದು ಮುಖ ಇರೋ ಕಡೆ ಹಾಸಿಗೆ ಬಿಚ್ಚಿಬಿಟ್ಟ. ನಾನು ಇವನ ಅಕ್ಕನ ಟ್ರಂಕು ಇಳಿಸ್ತಾ ಬೆವರು ಸುರಿಸ್ತಾ ಇದ್ದೆ!

ಭಾಮೈದ: ‘ಹೊಡ್ಕೊಂಡ’ ಅಲ್ಲ, ‘ಆರಿಸಿಕೊಂಡ’ ಅಂತ ತಿದ್ದಿಕೊಳ್ಳೋಕೆ ಹೇಳಿ.

ಇಬ್ಬರ ನಡುವೆ ಮಾತು ನಿಂತದ್ದು ಯಾಕೆ ಎಂಬುದು ವಿನ್ಯಾಸಕಿಗೆ ಈಗ ಹೊಳೆಯಿತು. ಇಷ್ಟೇ ತಾನೆ ಎಂದು ಅವಳಿಗೆ ಹುರುಪೂ ಬಂತು.

ವಿನ್ಯಾಸಕಿ: ಹಾಗಿದ್ರೆ ಇದು ಇನ್ನೂ ಸುಲಭ! ಗೋಡೆ, ಅಟ್ಟ ಎರಡೂ ಹೋದ್ರೆ ತಲೆಯಿಂದ ಕಾಲಿನ ತನಕ ಪೂರ್ತಿ ಬೊಂಬೆ ಕಾಣ್ಸುತ್ತೆ. ನಿಮಗೂ ಕಾಲು ಸಿಕ್ಕಿತು, ಅವರಿಗೂ ಮುಖ ಸಿಕ್ಕಿತು.

ಭಾವ: ಅಂದ್ರೆ ಈ ಪಾದ ಅವನೂ ನೋಡ್ತಾನೆ ಅಂದ ಹಾಗಾಯ್ತು!

ಭಾಮೈದ: ಆ ಮುಖವನ್ನ ಭಾವನ ಗೊರಕೆ ಮುಂದೆ ತಂದು ಇಡೋದಾ? ನನ್ನ ಜೀವ ಇರೋ ತನಕ ಆಗಲ್ಲ.

ವಿನ್ಯಾಸಕಿ ಎದ್ದು ಹಜಾರಕ್ಕೆ ಬಂದು ತನ್ನ ಚೀಲದಿಂದ ಪರದೆ ಬಟ್ಟೆಯ ತುಂಡುಗಳನ್ನೂ ಒಂದು ಹಿತ್ತಾಳೆಯ ದೀಪವನ್ನೂ ತೆಗೆದಳು. ಮಾತಿಗೆ ಬಗ್ಗದವರು ಬಟ್ಟೆಗೆ ಬಗ್ಗುವುದನ್ನು ಅವಳು ಹೋಟೆಲಿನವರಲ್ಲಿ ಕಂಡಿದ್ದಳು.

ವಿನ್ಯಾಸಕಿ: ನೋಡಿ ಸಾರ್, ಹಳೇದು ಯಾವುದೂ ಹಾಳು ಮಾಡಲ್ಲ. ಪರದೆ, ದೀಪ, ಕಿಟಕಿ ಗಾಜು, ಎಲ್ಲ ನಿಮ್ಮ ಕಾಲದ ಹಾಗೇ ಮಾಡ್ತೀವಿ.

ಭಾಮೈದ: ನೂರ ಹತ್ತು ವರ್ಷದ ಹಿಂದಿನದು ನಮ್ಮ ಕಾಲ ಹೇಗಮ್ಮ ಆಗುತ್ತೆ? ಅದು ನಮ್ಮಜ್ಜನ ಕಾಲ. ನನ್ನ ಕಾಲ ಇನ್ನೂ ನಡೀತಾ ಇದೆ. ಬೆಳಿಗ್ಗೆ ತಾನೆ ಮೊಬೈಲಿಗೆ ಚಾರ್ಜ್ ಹಾಕಿದೀನಿ.

ಭಾವನಿಗೆ ಎಡಗಿವಿ ಸ್ವಲ್ಪ ಮಂದ. ಅವರು ಬಾಗಿಲಿಗೆ ಒರಗಿದ್ದು ಬಲಗಿವಿ ಕೊಟ್ಟೇ ಆದರೂ, ಹಜಾರದ ಫ್ಯಾನಿನ ಕಿರಿಕಿರಿಯಲ್ಲಿ ಮಾತು ಅರ್ಧಕ್ಕರ್ಧ ಸೋರಿಹೋಯಿತು.

ಭಾವ: ಏನಂದ್ರಿ? ಹಳೇ ಕಾಲು ಹಾಗೇ ಉಳಿಸ್ತೀರಾ?

ವಿನ್ಯಾಸಕಿ: ಹೌದು ಸಾರ್, ಹಳೇ ಕಾಲವೇ.

ಭಾವ: ಒಂದು ಚೂರೂ ಮುಕ್ಕಾಗದ ಹಾಗೆ?

ವಿನ್ಯಾಸಕಿ: ಹಳೇ ಕಾಲ ಉಳಿಸೋದೇ ನನ್ನ ಕೆಲಸ.

ಭಾವ: ಈಗ ನೀವು ಮನುಷ್ಯರ ಹಾಗೆ ಮಾತಾಡ್ತಾ ಇದೀರ. ಕಾಗದ ಇಟ್ಟು ಹೋಗಿ, ಓದಿ ನೋಡ್ತೀನಿ.

ಇಬ್ಬರ ಕೈಗೂ ಒಂದೊಂದು ಒಪ್ಪಿಗೆ ಪತ್ರ ಕೊಟ್ಟು ವಿನ್ಯಾಸಕಿ ಮೆಟ್ಟಿಲು ಹತ್ತಿದಳು. ಹದಿನಾರು ಮೆಟ್ಟಿಲು, ಒಂದೊಂದೂ ಮೊಣಕಾಲೆತ್ತರ. ಕಟ್ಟಿಸಿದವನು ಕುದುರೆ ಹತ್ತಿಸಲೆಂದೇ ಕಟ್ಟಿಸಿದನೋ ಏನೋ ಎಂದುಕೊಂಡು ಏದುಸಿರು ಬಿಡುತ್ತ ಮೇಲೆ ಬಂದರೆ, ಕೊನೆಯ ಕೋಣೆಯಲ್ಲಿ ಅಕ್ಕ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು.

ಅಕ್ಕ: ಬಾ ಮಗು, ಕೂತ್ಕೋ. ಮಲಗಿಸಿ ತೋರಿಸಿದ್ರಾ?

ವಿನ್ಯಾಸಕಿ: ಎರಡೂ ಕಡೆ ಮಲಗಿ ಬಂದೆ ಅಕ್ಕ.

ಅಕ್ಕ: ಎತ್ತರದ ಹೆಂಗಸು ಅಂದ್ರಾ?

ವಿನ್ಯಾಸಕಿ: ಗತ್ತಿನ ಹೆಂಗಸು ಅಂತಲೂ ಅಂದ್ರು.

ಅಕ್ಕ: ಹೂಂ. ಐವತ್ತೈದು ವರ್ಷ ಸಂಸಾರ ಮಾಡಿದೀನಿ. ನನ್ನ ಕಾಲು ಎಷ್ಟು ಅಂಗುಲ ಅಂತ ಕೇಳು, ಗೊತ್ತಿಲ್ಲ. ಚಪ್ಪಲಿ ತರೋಕೆ ಕಳಿಸಿದ್ರೆ ಒಂದು ನಂಬರು ಜಾಸ್ತೀದು ತರ್ತಾರೆ. ನನ್ನ ಕಾಲು ನೋಯುತ್ತಾ ಅಂತ ಒಂದು ದಿನ ಕೇಳಿದವರಲ್ಲ, ಗಾರೆ ಕಾಲನ್ನ ನೋಡ್ತಾ ಒಂಬತ್ತು ವರ್ಷ ಮಲಗಿದಾರೆ.

ವಿನ್ಯಾಸಕಿ: ಮಂಡಿ ತುಂಬಾ ನೋವಾ ಅಕ್ಕ?

ಅಕ್ಕ: ಸುಮ್ನೆ ಕೂತಿದ್ರೆ ಏನೂ ಇಲ್ಲ. ಆದ್ರೆ ಇವರಿಬ್ಬರ ಮಾತು ಹೊರೋಳು ನಾನು ತಾನೆ? ಪೇಪರು ಯಾರಿಗೆ ಮೊದಲು ಅಂತ ಒಂದು ಸಲ ಇಳೀಬೇಕು. ರೇಡಿಯೋ ಸಣ್ಣ ಮಾಡು ಅಂತ ಒಂದು ಸಲ. ಮೊನ್ನೆ ಇವರು, ‘ಗೋಡೆ ಕಡೆ ತಿರುಗಿ ಕೆಮ್ಮಬೇಡ ಅಂತ ನಿನ್ನ ತಮ್ಮನಿಗೆ ಹೇಳು’ ಅಂದ್ರು. ಹೋಗಿ ಹೇಳಿದೆ. ಅವನು, ‘ಅದು ಕೆಮ್ಮಲ್ಲ, ಗಂಟಲು ಸರಿ ಮಾಡ್ಕೊಂಡದ್ದು ಅಂತ ತಿದ್ದಿ ಹೇಳು’ ಅಂದ. ಬಂದು ಹೇಳಿದೆ. ಇವರು, ‘ಯಾವುದಾದ್ರೇನು, ಗೋಡೆ ನನ್ನದೂ ಹೌದು’ ಅಂದ್ರು. ಅಷ್ಟರಲ್ಲಿ ಊಟದ ಗಂಟೆ ಹೊಡೀತು. ಮೂರು ದಿನದಿಂದ ಆ ಕೆಮ್ಮು ಇನ್ನೂ ಇತ್ಯರ್ಥ ಆಗಿಲ್ಲ.

ವಿನ್ಯಾಸಕಿ: ನೀವು ಹೋಗಲ್ಲ ಅನ್ನಬಹುದಿತ್ತಲ್ಲ?

ಅಕ್ಕ: ಅಂದಿದ್ದೆ ಒಂದ್ಸಲ. ಎರಡು ದಿನ ಇಬ್ರೂ ಗೋಡೆಗೆ ಬಾಯಿ ಹಚ್ಚಿ ಕೂಗ್ತಾ ಇದ್ರು. ‘ಗೋಡೆಗೆ ಹೇಳ್ತಾ ಇದೀನಿ’ ಅಂತ. ಪಕ್ಕದ ರೂಮಿನ ಮೇಷ್ಟ್ರು ದೆವ್ವ ಅಂತ ಹೆದರಿ ಜ್ವರ ಬಂದು ಮಲಗಿದ್ರು. ಆಫೀಸಿನವರೇ ಬಂದು ‘ಅಕ್ಕ, ದಯವಿಟ್ಟು ನೀವೇ ಓಡಾಡಿ’ ಅಂತ ಕೈ ಮುಗಿದ್ರು.

ವಿನ್ಯಾಸಕಿ: ಇನ್ನು ಅದೆಲ್ಲ ತಪ್ಪುತ್ತೆ ಅಕ್ಕ. ಗೋಡೆ ಹೋದ್ರೆ ನೀವು ಕೆಳಗೇ ಬರ್ತೀರ. ಗಂಡ ಹೆಂಡತಿ ಇಬ್ರೂ ಒಂದೇ ಕಡೆ, ಇಪ್ಪತ್ನಾಲ್ಕು ಗಂಟೆ!

ಅಕ್ಕ ಬಿಸಿನೀರಿನ ಚೀಲವನ್ನು ಈ ಮಂಡಿಯಿಂದ ಆ ಮಂಡಿಗೆ ಬದಲಾಯಿಸಿದರು. ಕಿಟಕಿಯ ಆಚೆ ನೋಡಿದರು.

ಅಕ್ಕ: ಇಪ್ಪತ್ನಾಲ್ಕು ಗಂಟೇನೂನಾ?

ವಿನ್ಯಾಸಕಿ: ಪೂರ್ತಿ!

ಅಕ್ಕ: ಹೂಂ.

ವಯಸ್ಸಾದರೂ ನಾಚಿಕೆ ಹೋಗಿಲ್ಲ ಪಾಪ ಎಂದುಕೊಂಡು ವಿನ್ಯಾಸಕಿ ಇಳಿದು ಬಂದಳು.

ಎರಡು ದಿನ ಬಿಟ್ಟು ಒಪ್ಪಿಗೆ ಪತ್ರಗಳು ಆಫೀಸಿನ ಮೇಜಿನ ಮೇಲಿದ್ದವು. ಎರಡರ ಕೆಳಗೂ ಸಹಿ! ವಿನ್ಯಾಸಕಿಗೆ ನಂಬಲಾಗಲಿಲ್ಲ. ತಾನು ತಂದ ಪರದೆ ಬಟ್ಟೆಯೇ ಕೆಲಸ ಮಾಡಿತು ಎಂದು ಅವಳಿಗೆ ಖಾತ್ರಿಯಾಯಿತು. ಮರುದಿನ ಬೆಳಿಗ್ಗೆ ಮೇಸ್ತ್ರಿ ಏಣಿ, ಸುತ್ತಿಗೆ, ಚಾಣ ಹಿಡಿದು ಭಾವನ ಕೋಣೆಗೆ ನುಗ್ಗಿದ. ಎರಡೇ ನಿಮಿಷದಲ್ಲಿ ಹಜಾರದಲ್ಲಿ ಬೊಬ್ಬೆ ಎದ್ದಿತು.

ಭಾವ: ಯಾರನ್ನ ಕೇಳಿ ಏಣಿ ಹಾಕಿದ್ರಿ?

ವಿನ್ಯಾಸಕಿ: ನೀವೇ ಸಹಿ ಹಾಕಿದೀರಲ್ಲ ಸಾರ್! ಇಲ್ಲಿ ನೋಡಿ.

ಭಾವ: ಹಾಕಿದೀನಿ. ಏನಂತ ಬರೆದಿದೆ ಓದಿ. ಗಟ್ಟಿಯಾಗಿ ಓದಿ.

ವಿನ್ಯಾಸಕಿ: ‘ಕೆಲಸದ ವೇಳೆ ಕಟ್ಟಡದ ಹಳೆಯ ಕಾಲನ್ನು ಹಾಗೆಯೇ ಉಳಿಸಿಕೊಳ್ಳಲಾಗುವುದು.’ ಅಯ್ಯೋ! ಇದು ಕಾಲವನ್ನು ಅಂತ ಆಗಬೇಕಿತ್ತು ಸಾರ್. ‘ವ’ ಬಿಟ್ಟುಹೋಗಿದೆ.

ಭಾವ: ನನಗೆ ವ, ಯ ಎಲ್ಲ ಗೊತ್ತಿಲ್ಲ. ಕಾಲನ್ನು ಉಳಿಸ್ತೀವಿ ಅಂತ ಇದೆ, ಸಹಿ ಹಾಕಿದೀನಿ. ಮೇಸ್ತ್ರಿ, ಇಳೀರಿ ಕೆಳಗೆ!

ವಿನ್ಯಾಸಕಿ: ಅಯ್ಯೋ ದೇವರೆ. ಅವರದ್ದಾದ್ರೂ ಸರಿ ಇದೆಯಾ? ಸಾರ್, ನೀವು ಒಪ್ಪಿದೀರ ತಾನೆ?

ಭಾಮೈದ: ಏನಕ್ಕೆ?

ವಿನ್ಯಾಸಕಿ: ಗೋಡೆ ತೆಗೆಯೋಕೆ! ನಿಮ್ಮ ಪ್ರತಿಯಲ್ಲಿ ನೀವೇ ‘ವ’ ಸೇರಿಸಿ, ಕೆಳಗೆ ಸಹಿ ಹಾಕಿದೀರ.

ಭಾಮೈದ: ‘ವ’ ಬಿಟ್ಟುಹೋಗಿತ್ತು, ಸೇರಿಸಿದೆ. ‘ಒಳಾಂಗಣ’ಕ್ಕೆ ಎರಡು ಕಡೆ ‘ಲ’ ಹಾಕಿದ್ರು, ತಿದ್ದಿದೆ. ತಿದ್ದಿದ ಮೇಲೆ ಕೆಳಗೆ ಸಹಿ ಹಾಕೋದು ಪದ್ಧತಿ. ಆ ಸಹಿಗೆ ‘ನೋಡಿದ್ದೇನೆ’ ಅಂತ ಅರ್ಥ. ‘ಒಪ್ಪಿದ್ದೇನೆ’ ಅಂತಲ್ಲ. ನಲವತ್ತು ವರ್ಷ ಎಷ್ಟು ಪುಸ್ತಕಕ್ಕೆ ಸಹಿ ಹಾಕಿದೀನಿ, ಒಂದರಲ್ಲಿ ಬರೆದದ್ದನ್ನೂ ನಾನು ಒಪ್ಪಿದವನಲ್ಲ.

ವಿನ್ಯಾಸಕಿ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಇದ್ದ ಸಿಮೆಂಟ್ ಚೀಲದ ಮೇಲೆ ಕೂತಳು. ಅಷ್ಟರಲ್ಲಿ ಮೇಲಿನಿಂದ ಧೂಳು ಸುರಿಯಿತು. ಈ ವ್ಯಾಕರಣವೆಲ್ಲ ಏಣಿಯ ತುದಿಗೆ ಮುಟ್ಟಿರಲಿಲ್ಲ. ಮೇಸ್ತ್ರಿ ತನ್ನ ಪಾಡಿಗೆ ಅಟ್ಟದ ಹಲಗೆ ಒಂದೊಂದಾಗಿ ಕಿತ್ತು ಕೆಳಗಿಳಿಸಿಬಿಟ್ಟಿದ್ದ.

ಮೇಸ್ತ್ರಿ: ಮೇಡಂ, ಇಲ್ಲಿ ಒಬ್ಬ ಗಂಡಸು ಇದಾನೆ.

ಭಾವ: ಎಲ್ಲಿ?

ಮೇಸ್ತ್ರಿ: ಸೂರಿನ ಮೇಲೆ. ನಿಮ್ಮ ಕಾಲಿಗೆ ಅಂಟ್ಕೊಂಡಿರೋನು.

ಎಲ್ಲರೂ ಕತ್ತೆತ್ತಿದರು. ಆ ನುಣುಪಾದ ಪಾದಗಳ ಮೇಲೆ ದಪ್ಪ ಮೀನಖಂಡ, ಅದರ ಮೇಲೆ ಮಡಚಿದ ಚಡ್ಡಿ, ಅದರ ಮೇಲೆ ಮಡಕೆಯಂಥ ಹೊಟ್ಟೆ, ಅದಕ್ಕೂ ಮೇಲೆ ಕಿವಿಯಿಂದ ಕಿವಿಗೆ ಹರಡಿದ ಮೀಸೆ. ಬೋಳು ತಲೆಯ ಬೆಸ್ತನೊಬ್ಬ ಬಾಯಿ ತೆರೆದುಕೊಂಡು, ಯಾರಾದರೂ ಬಂದು ಬಿಡಿಸಿಕೊಳ್ಳಿ ಎನ್ನುವ ಮುಖ ಮಾಡಿಕೊಂಡು ಮಲಗಿದ್ದ.



ಭಾವ: ಇವನು ಯಾರು?

ಮೇಸ್ತ್ರಿ: ಕಾಲಿನ ಯಜಮಾನ್ರು ಸಾರ್.

ಭಾವ: ಕಣಕಾಲಿಗೆ ಹೂಬಳ್ಳಿ ಇದೆಯಲ್ಲ?

ಮೇಸ್ತ್ರಿ: ಬಳ್ಳಿ ಅಲ್ಲ ಸಾರ್, ಹಗ್ಗ. ಗೋಡೆ ಆ ಕಡೆಯಿಂದ ಯಾರೋ ಇವನನ್ನ ಕಟ್ಟಿ ಎಳೀತಾ ಇರೋ ಹಾಗಿದೆ.

ಭಾಮೈದನಿಗೆ ನಗು ತಡೆಯಲಾಗಲಿಲ್ಲ. ಬಾಗಿಲಿನ ಚೌಕಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಒಂಬತ್ತು ವರ್ಷಗಳಲ್ಲಿ ಮೊದಲ ಸಲ ನೇರವಾಗಿ ಭಾವನ ಮುಖ ನೋಡಿ ಮಾತಾಡಿದರು.

ಭಾಮೈದ: ಭಾವ! ಹನ್ನೊಂದೂಕಾಲು ಅಂಗುಲ! ಗತ್ತಿನ ಹೆಂಗಸು!

ಭಾವ: ನಗಬೇಡ. ಮೇಸ್ತ್ರಿ, ಆ ಕಡೆ ಅಟ್ಟಾನೂ ಕೀಳಿ.

ಭಾಮೈದ: ಆ ಕಡೇದಕ್ಕೆ ನನ್ನ ಒಪ್ಪಿಗೆ ಇಲ್ಲ!

ಭಾವ: ‘ನೋಡಿದ್ದೇನೆ’ ಅಂತ ಸಹಿ ಹಾಕಿದೀಯಲ್ಲ, ಈಗ ಪೂರ್ತಿ ನೋಡು.

ಮೇಸ್ತ್ರಿ ಏಣಿ ಹೊತ್ತು ಪಕ್ಕದ ಕೋಣೆಗೆ ನಡೆದ. ಹಲಗೆಗಳು ಇಳಿದವು. ದುಂಡು ಗಲ್ಲದ ಹೆಣ್ಣಿಗೆ ಹೆಗಲು ಬಂತು, ಹಗ್ಗ ಹಿಡಿದ ಕೈ ಬಂತು, ಸೊಂಟ ಬಂತು. ಸೊಂಟದಿಂದ ಕೆಳಗೆ ಹೊಳೆಹೊಳೆಯುವ ಹುರುಪೆ ಶುರುವಾಗಿ, ಅಲ್ಲಿಂದ ಬಳುಕುತ್ತ ಹೋಗಿ, ತುದಿಯಲ್ಲಿ ಅಗಲವಾದ ಬಾಲವಾಯಿತು.

ಮೇಸ್ತ್ರಿ: ಮೀನು ಸಾರ್.

ಭಾಮೈದ: ಅದು ಹೇಗೆ ಮೀನಾಗುತ್ತೆ?

ಮೇಸ್ತ್ರಿ: ಅರ್ಧ ಮೀನು.

ಭಾಮೈದ: ಇದು ಬೈಂಡಿಂಗ್ ತಪ್ಪು! ಮೇಲಿನ ಅರ್ಧ ಒಂದು ಪುಸ್ತಕದ್ದು, ಕೆಳಗಿನ ಅರ್ಧ ಇನ್ನೊಂದು ಪುಸ್ತಕದ್ದು. ಪುಟ ಅದಲುಬದಲಾಗಿದೆ!

ಭಾವ: ದಿನಾ ಬೆಳಿಗ್ಗೆ ಮೀನಿಗೆ ನಮಸ್ಕಾರ ಹೇಳ್ತಾ ಇದ್ಯಲ್ಲೋ!

ಭಾಮೈದ: ಮೀಸೆಯವನ ಕಾಲು ನೋಡ್ಕೊಂಡು ಮಲಗೋರಿಗಿಂತ ವಾಸಿ!

ಮೆಟ್ಟಿಲಿನ ಮೇಲೆ ಕೋಲಿನ ಸದ್ದಾಯಿತು. ಧೂಳು, ಗಲಾಟೆ ಎರಡೂ ಮೇಲಕ್ಕೆ ಮುಟ್ಟಿ, ಅಕ್ಕ ಇಳಿದು ಬಂದಿದ್ದರು. ಯಾರಾದರೂ ಏನಾದರೂ ಹೇಳುವ ಮೊದಲೇ ಈ ಕೋಣೆಯಲ್ಲಿ ಇಣುಕಿದರು, ಆ ಕೋಣೆಯಲ್ಲಿ ಇಣುಕಿದರು. ಹಗ್ಗ ಹಿಡಿದವಳ ನಗು ನೋಡಿದರು, ಹಗ್ಗಕ್ಕೆ ಸಿಕ್ಕವನ ಬಾಯಿ ನೋಡಿದರು. ಮೆಲ್ಲಗೆ ಅವರ ಮುಖವೂ ಅರಳಿತು.

ಅಕ್ಕ: ಇವಳು ಇಷ್ಟು ದಿನ ನಗ್ತಾ ಇದ್ದದ್ದು ಇದಕ್ಕಾ!

ಭಾವ: ಒಡೀರಿ ಆ ಗೋಡೆ.

ಭಾಮೈದ: ಒಡೀರಿ. ಇನ್ನು ಅದಿದ್ದು ಏನಾಗ್ಬೇಕು?

ವಿನ್ಯಾಸಕಿ ಎರಡು ಹೊಸ ಕಾಗದ ತಂದಳು. ಈ ಸಲ ಅಕ್ಷರ ತಪ್ಪಿಲ್ಲದ್ದು. ಇಬ್ಬರೂ ಓದದೇ ಸಹಿ ಹಾಕಿದರು.

ಮೂರು ವಾರದಲ್ಲಿ ಹಾಲು ತಯಾರಾಯಿತು. ಎರಡಾಗಿ ಸೀಳಿಹೋಗಿದ್ದ ದೊಡ್ಡ ಕಿಟಕಿ ಮತ್ತೆ ಒಂದಾಗಿ, ಬೆಳಿಗ್ಗೆಯ ಬಿಸಿಲು ಈ ಕೊನೆಯಿಂದ ಆ ಕೊನೆಗೆ ಹಾಸಿಕೊಂಡಿತು. ಗೋಡೆಯುದ್ದಕ್ಕೂ ಹಿಡಿದು ನಡೆಯಲು ನುಣುಪಾದ ಮರದ ಪಟ್ಟಿ, ಜಾರದ ನೆಲ, ಕೂತಲ್ಲಿಂದಲೇ ಕೈಗೆಟಕುವ ಸ್ವಿಚ್ಚು, ಮಂಡಿ ಮಡಚದೆ ಏಳಬಹುದಾದ ಎತ್ತರದ ಕುರ್ಚಿ. ಸೂರಿನ ಮೇಲೆ ಮತ್ಸ್ಯಕನ್ಯೆ ತನ್ನ ಬೆಸ್ತನನ್ನು ನಿಶ್ಚಿಂತೆಯಿಂದ ಎಳೆದುಕೊಂಡು ಹೋಗುತ್ತಿದ್ದಳು. ವಿನ್ಯಾಸಕಿ ನಡುವೆ ನಿಂತು ಸುತ್ತ ನೋಡಿದಳು. ಇಷ್ಟು ಚೆನ್ನಾಗಿ ತಾನು ಬೇರೆ ಯಾವುದನ್ನೂ ಮಾಡಿಲ್ಲ ಅನಿಸಿತು.

ಕೆಲಸ ನಡೆದ ಮೂರು ವಾರ ಊಟದ ಮನೆಯ ಮೂಲೆಯಲ್ಲಿ ಒಟ್ಟಿಗೆ ಮಲಗಿದ್ದ ಭಾವ ಭಾಮೈದರ ಮಾತುಕತೆ ಈಗ ಎಗ್ಗಿಲ್ಲದೆ ನಡೆದಿತ್ತು. ಎಗ್ಗಿಲ್ಲದೆ ಅಂದರೆ, ಅಡಿಗೆಯವರು ಕಿವಿಗೆ ಹತ್ತಿ ಇಟ್ಟುಕೊಂಡು ಒಗ್ಗರಣೆ ಹಾಕುವಷ್ಟು.

ಭಾವ ಹಾಲಿನಲ್ಲಿ ಎರಡು ಮಂಚ ಅಕ್ಕಪಕ್ಕ ಹಾಕಿಸಿ, ನಡುವಿನ ಅಂತರ ಅಳೆಯುತ್ತಿದ್ದರು. ಭಾಮೈದ ಪುಸ್ತಕಗಳನ್ನು ಕಟ್ಟಿ, ಮಹಡಿ ಹತ್ತಲು ಮನಸ್ಸಿಲ್ಲದೆ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಕೋಲೂರಿಕೊಂಡು ಒಳಗೆ ಬಂದರು. ಕುರ್ಚಿಯಲ್ಲಿ ಕೂತು ನೋಡಿದರು, ಎದ್ದು ನೋಡಿದರು. ಮಂಡಿ ಒಂದು ಚೂರೂ ಲಟಕ್ ಎನ್ನಲಿಲ್ಲ.

ಅಕ್ಕ: ಬಹಳ ಚೆನ್ನಾಗಿ ಮಾಡಿದೀಯ ಮಗು. ರೀ, ಒಂದು ಮಾತು.

ಭಾವ: ಹೇಳೇ.

ಅಕ್ಕ: ಮೇಲಿನ ನನ್ನ ರೂಮಲ್ಲಿ ಎರಡು ಮಂಚ ಹಿಡಿಯೋದೇ ಇಲ್ಲವಂತೆ. ಆಫೀಸಿನವರು ಹೇಳ್ತಾ ಇದ್ರು.

ಭಾವ: ಯಾವನು ಹೇಳಿದ್ದು? ಅಳೆದು ನೋಡಿದಾನಾ?

ಅಕ್ಕ: ಕಣ್ಣಳತೆಯಲ್ಲೇ ಗೊತ್ತಾಗುತ್ತಂತೆ.

ಭಾವ: ಕಣ್ಣಳತೆ! ಹಾಗಿದ್ರೆ ಟೇಪು ಯಾಕೆ ಕಂಡುಹಿಡಿದ್ರು? ಭಾಮೈದ, ಬಾರೋ, ಆ ತುದಿ ಹಿಡ್ಕೋ.

ಇಬ್ಬರೂ ಹೋದರು. ಹದಿನಾರು ಮೆಟ್ಟಿಲು ಎಲ್ಲೂ ನಿಲ್ಲದೆ ಹತ್ತಿದ ಸದ್ದು ಕೆಳಗೆ ಕೇಳಿಸಿತು. ಅಕ್ಕ ಬೆರಳು ಮಡಚಿ ಮೆಟ್ಟಿಲು ಎಣಿಸಿದರು. ಹತ್ತು ನಿಮಿಷಕ್ಕೆ ಇಬ್ಬರೂ ಎದೆಯುಬ್ಬಿಸಿಕೊಂಡು ಇಳಿದು ಬಂದರು.

ಭಾವ: ಹನ್ನೆರಡು ಅಡಿ ಮೂರು ಅಂಗುಲ! ಎರಡು ಮಂಚ ಹಾಕಿ, ನಡುವೆ ಎರಡೂಕಾಲು ಅಡಿ ದಾರಿ ಬಿಟ್ಟು, ಮೂಲೇಲಿ ಒಂದು ಮೇಜೂ ಹಿಡಿಯುತ್ತೆ. ಇಬ್ಬರು ರಾಜರ ಹಾಗೆ ಇರಬಹುದು ಅಂತ ಹೇಳು ನಿನ್ನ ಆಫೀಸಿನವರಿಗೆ.

ಭಾಮೈದ: ‘ಇಬ್ಬರು’ ಅಂದ್ರೆ ಸ್ಪಷ್ಟ ಆಗಲ್ಲ ಭಾವ. ಯಾವ ಇಬ್ಬರು ಅಂತ ಹೇಳಬೇಕು.

ಅಕ್ಕ: ನೀವಿಬ್ಬರು.

 ವಿನ್ಯಾಸಕಿ ತನ್ನ ನಕ್ಷೆಯನ್ನು ಬಿಡಿಸಿ ನೋಡಿದಳು. ಅದರಲ್ಲಿ ಅಂಥದ್ದೇನೂ ಇರಲಿಲ್ಲ.

ವಿನ್ಯಾಸಕಿ: ಅಕ್ಕ, ಇದು ನಿಮಗೂ ಅವರಿಗೂ ಒಟ್ಟಿಗೆ ಅಂತ...

ಅಕ್ಕ: ಅವರಿಬ್ಬರ ಒಪ್ಪಿಗೆಗೆ ಎರಡು ಸಲ ಕಾಗದ ತಂದೆ ಮಗು. ನನ್ನ ಹತ್ರ ಒಂದು ತಂದ್ಯಾ?

ವಿನ್ಯಾಸಕಿ: ನೀವು ಹೂಂ ಅಂದ್ರಲ್ಲ?

ಅಕ್ಕ: ಹೂಂ ಅಂದದ್ದು ಯೋಚನೆ ಮಾಡ್ತೀನಿ ಅಂತ. ಮಾಡಿದೆ.

ಭಾವ: ಅಲ್ಲ ಕಣೇ, ನಾನು ಈ ವಯಸ್ಸಲ್ಲಿ ಮೆಟ್ಟಿಲು ಹತ್ತಬೇಕಾ?

ಅಕ್ಕ: ಈಗ ತಾನೆ ಹತ್ತಿ ಇಳಿದು ಬಂದ್ರಿ, ಏದುಸಿರೂ ಬಂದಿಲ್ಲ. ನಿಮ್ಮ ಮಂಡಿ ಎರಡೂ ಗಟ್ಟಿ ಇದೆ, ಅವನದೂ ಗಟ್ಟಿ ಇದೆ. ಸವೆದಿರೋದು ನನ್ನದು ಮಾತ್ರ.

ಭಾಮೈದ: ಅಕ್ಕ, ಭಾವನ ಗೊರಕೆ...

ಅಕ್ಕ: ನಲವತ್ತಾರು ವರ್ಷ ಕೇಳಿದೀನಿ ಕಣೋ. ಈಗ ನಿನ್ನ ಸರದಿ.

ಭಾವ: ಇವನು ಮಾತು ಮಾತಿಗೂ ತಿದ್ದುತ್ತಾನೆ ಕಣೇ!

ಅಕ್ಕ: ಅವನು ಹುಟ್ಟಿದಾಗಿನಿಂದ ನಾನು ತಿದ್ದಿಸ್ಕೊಂಡಿದೀನಿ. ನೀವೂ ಸ್ವಲ್ಪ ತಿದ್ದಿಸ್ಕೊಳ್ಳಿ. ಸಾಯಂಕಾಲ ಐದಕ್ಕೆ ಇಬ್ರೂ ಕೆಳಗೆ ಬನ್ನಿ, ಕಾಫಿ ಕುಡಿಯೋಣ. ನಿಮ್ಮ ನಿಮ್ಮ ಮಾತು ನೀವೇ ಹೊತ್ಕೊಂಡು ಬನ್ನಿ.

ಎರಡು ಮಂಚಗಳಲ್ಲಿ ಒಂದು ಹೊರಗೆ ಹೋಯಿತು. ಪುಸ್ತಕದ ಗಂಟುಗಳು ಹೋದವು, ಅಳತೆಯ ಟೇಪು ಹೋಯಿತು, ಅದರ ಹಿಂದೆ ಗೊಣಗುತ್ತ ಭಾವ, ಅವರ ಹಿಂದೆ ಅವರ ಗೊಣಗಾಟವನ್ನು ತಿದ್ದುತ್ತ ಭಾಮೈದ. ಅಕ್ಕ ಬಿಸಿಲು ಬಿದ್ದ ಕುರ್ಚಿಯಲ್ಲಿ ಕಾಲು ನೀಡಿಕೊಂಡು ಕೂತರು. ವಿನ್ಯಾಸಕಿ ನಕ್ಷೆಯನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಆಗ ಕೆಲಸದ ಮಾತು ನೆನಪಾಯಿತು.

ವಿನ್ಯಾಸಕಿ: ಇನ್ನೇನಾದ್ರೂ ಬೇಕಾ ಅಕ್ಕ? ಇವತ್ತೇ ಹೇಳಿಬಿಡಿ, ನಾಳೆ ಮೇಸ್ತ್ರಿ ಬೇರೆ ಕೆಲಸಕ್ಕೆ ಹೋಗ್ತಾನೆ.

ಅಕ್ಕ: ಒಂದು ಚಿಲಕ ಹಾಕಿಸ್ತೀಯಾ ಮಗು?

ವಿನ್ಯಾಸಕಿ: ಅದೊಂದು ಆಗಲ್ಲ ಅಕ್ಕ. ವಯಸ್ಸಾದವರ ರೂಮಿಗೆ ಒಳಗಡೆ ಚಿಲಕ ಹಾಕೋ ಹಾಗಿಲ್ಲ, ನಿಯಮ.

ಅಕ್ಕ: ಒಳಗಡೆ ಯಾರು ಕೇಳಿದ್ರು? ಹೊರಗಡೆ ಹಾಕಿಸು. ಈ ಬಾಗಿಲಿಗಲ್ಲ, ಮೇಲಿನದಕ್ಕೆ.